ಡೀಸೆಲ್ ಇಂಜಿನ್‌ಗೆ ಡುಪ್ಲಿಕೇಟ್ ಪಾರ್ಟ್: ಅಪಾಯ ಎಲ್ಲಿದೆ, ಹೇಗೆ ಗುರುತಿಸಬೇಕು, ಹಾಕಿಬಿಟ್ಟಿದ್ದರೆ ಏನು ಮಾಡಬೇಕು

ಒಂದು ಆಯಿಲ್ ಫಿಲ್ಟರ್‌ನಿಂದ ಶುರು ಮಾಡುತ್ತೇನೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಜನರೇಟರ್ ಇಂಜಿನ್ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನಾಲ್ಕೈದು ಸೆಕೆಂಡು ಕಟಕಟ ಅನ್ನುತ್ತಿತ್ತು. ಆಮೇಲೆ ಸದ್ದು ನಿಲ್ಲುತ್ತಿತ್ತು. ಆಯಿಲ್ ಪ್ರೆಶರ್ ಸರಿಯಾಗಿ ಬರುತ್ತಿತ್ತು, ದಿನವಿಡೀ ಬೇರೆ ಯಾವ ತೊಂದರೆಯೂ ಇರಲಿಲ್ಲ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ನಾನೂ ಕೂಡ. ಕೆಲವು ತಿಂಗಳ ನಂತರ ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿದಾಗ ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳ ಮೇಲಿನ ಪದರ ಸವೆದು ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಕಾರಣ ಹುಡುಕುತ್ತಾ ಕೊನೆಗೆ ಫಿಲ್ಟರ್ ಕತ್ತರಿಸಿ ನೋಡಿದೆ. ನಿಂತ ಇಂಜಿನ್‌ನಲ್ಲಿ ಆಯಿಲ್ ವಾಪಸ್ ಇಳಿದುಹೋಗದಂತೆ ತಡೆಯುವ ಒಂದು ರಬ್ಬರ್ ಬಿಲ್ಲೆ ಫಿಲ್ಟರ್ ಒಳಗೆ ಇರುತ್ತದಲ್ಲ, ಅದು ಒಣಗಿದ ಚರ್ಮದ ಹಾಗೆ ಗಟ್ಟಿಯಾಗಿತ್ತು. ರಾತ್ರಿ ಫಿಲ್ಟರ್ ಖಾಲಿಯಾಗುತ್ತಿತ್ತು, ಬೆಳಿಗ್ಗೆ ಆಯಿಲ್ ಮತ್ತೆ ಮೇಲೇರುವವರೆಗೆ ಬೇರಿಂಗ್‌ಗಳು ಒಣಗಿಯೇ ತಿರುಗುತ್ತಿದ್ದವು. ಆ ಫಿಲ್ಟರ್ ಬಂದ ಡಬ್ಬಿಯ ಮೇಲೆ ಹೆಸರು, ಬಣ್ಣ, ನಂಬರ್ ಎಲ್ಲವೂ ಒರಿಜಿನಲ್‌ನಂತೆಯೇ ಇದ್ದವು.

ಗಮನಿಸಿ, ಫಿಲ್ಟರ್ ಒಡೆದಿರಲಿಲ್ಲ, ಸೋರಿರಲಿಲ್ಲ. ಸವೆದದ್ದು ಬೇರಿಂಗ್. ಡೀಸೆಲ್ ಇಂಜಿನ್‌ನಲ್ಲಿ ಕಳಪೆ ಪಾರ್ಟ್ ಹೀಗೇ ಕೆಲಸ ಮಾಡುತ್ತದೆ. ತಾನು ಚೆನ್ನಾಗಿದ್ದಂತೆ ಕಾಣುತ್ತಾ ಪಕ್ಕದ ಒಳ್ಳೆಯ ಪಾರ್ಟ್‌ಗಳನ್ನು ತಿನ್ನುತ್ತದೆ. ಅದಕ್ಕೇ ಪಾರ್ಟ್ ಕೊಳ್ಳುವಾಗ ‘ಇದು ಎಷ್ಟು ದಿನ ಬರುತ್ತದೆ’ ಎಂದು ಕೇಳುವುದಕ್ಕಿಂತ ‘ಇದು ಕೈಕೊಟ್ಟರೆ ಇನ್ನೇನನ್ನು ಹಾಳು ಮಾಡುತ್ತದೆ’ ಎಂದು ಕೇಳಿಕೊಳ್ಳಿ. ಈ ಬರಹ ಪೂರ್ತಿ ಆ ಪ್ರಶ್ನೆಯ ಹಿಂದೆಯೇ ಹೋಗುತ್ತದೆ.

ಮೊದಲು ಸ್ವಲ್ಪ ಲೆಕ್ಕ

ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು 15 ರಿಂದ 20 ಪಟ್ಟು ಒತ್ತಿ, ಆ ಒತ್ತಡದಿಂದ ಹುಟ್ಟುವ ಬಿಸಿಯಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಲೋಡ್ ಇರುವಾಗ ಸಿಲಿಂಡರ್ ಒಳಗಿನ ಒತ್ತಡ ಈಗಿನ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಚಕ್ರ) ಇರುವ ಇಂಜಿನ್‌ಗಳಲ್ಲಿ 150 ಬಾರ್ ದಾಟುತ್ತದೆ; ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. 100 ಮಿಲಿಮೀಟರ್ ಬೋರ್ (ಸಿಲಿಂಡರ್‌ನ ಒಳವ್ಯಾಸ) ಇರುವ ಪಿಸ್ಟನ್ ಮೇಲೆ 150 ಬಾರ್ ಎಂದರೆ ಸುಮಾರು 12 ಟನ್ ಭಾರ. 1500 ಆರ್‌ಪಿಎಂನಲ್ಲಿ ಓಡುವ ಫೋರ್ ಸ್ಟ್ರೋಕ್ ಇಂಜಿನ್‌ನ ಒಂದೊಂದು ಸಿಲಿಂಡರ್‌ನಲ್ಲೂ ಇದು ಗಂಟೆಗೆ 45,000 ಸಲ ಬಂದು ಹೊಡೆಯುತ್ತದೆ.

ಇನ್ನೊಂದು ಕಡೆ ಸೂಕ್ಷ್ಮತೆ ನೋಡಿ. ಕಾಮನ್ ರೈಲ್ ಇಂಜಿನ್‌ನಲ್ಲಿ (ರೈಲ್ ಎಂಬ ಒಂದೇ ಹೈ ಪ್ರೆಶರ್ ಪೈಪ್‌ನಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹೋಗುವಂಥದ್ದು) ಡೀಸೆಲ್ ಒತ್ತಡ 1600 ಬಾರ್‌ಗೂ ಜಾಸ್ತಿ, ಕೆಲವು ಇಂಜಿನ್‌ಗಳಲ್ಲಿ 2500 ಬಾರ್‌ವರೆಗೆ ಹೋಗುತ್ತದೆ. ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಒಳಗೆ ಜಾರುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಕೆಲವೇ ಭಾಗ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಅದಕ್ಕೆ ಹೋಲಿಸಿಕೊಳ್ಳಿ. 12 ಟನ್ ಪೆಟ್ಟು ತಿನ್ನುವ ಯಂತ್ರದಲ್ಲೇ ಕೂದಲಿನ ಹತ್ತಿಪ್ಪತ್ತನೇ ಒಂದು ಭಾಗದ ಅಳತೆ ಕಾಪಾಡಬೇಕು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಪಾರ್ಟ್‌ಗಳ ವ್ಯತ್ಯಾಸ ಇರುವುದೇ ಕಣ್ಣಿಗೆ ಕಾಣದ ಈ ಜಾಗದಲ್ಲಿ: ಲೋಹದ ಬೆರಕೆ, ಹದ ಮಾಡಿದ ರೀತಿ, ಕೊನೆಯ ಗ್ರೈಂಡಿಂಗ್, ರಬ್ಬರ್‌ನ ಜಾತಿ.

ಹಂತ 1: ‘ಒರಿಜಿನಲ್ ಅಲ್ಲ’ ಎಂದರೆ ಏನು ಅಂತ ಬಿಡಿಸಿಕೊಳ್ಳಿ

ಕೌಂಟರ್‌ನಲ್ಲಿ ಎಲ್ಲದಕ್ಕೂ ‘ಒರಿಜಿನಲ್ ಥರಾನೇ ಸಾರ್’ ಅನ್ನುತ್ತಾರೆ. ಆದರೆ ಒರಿಜಿನಲ್ ಅಲ್ಲದ್ದೆಲ್ಲ ಕಳಪೆ ಅಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ. ಇಂಜಿನ್ ಕಂಪನಿಗಳು ಎಲ್ಲ ಪಾರ್ಟ್‌ಗಳನ್ನೂ ತಾವೇ ಮಾಡುವುದಿಲ್ಲ. ಇಂಜೆಕ್ಟರ್ ಬಾಷ್ ಅಥವಾ ಡೆನ್ಸೊದಿಂದ ಬಂದಿರಬಹುದು, ಪಿಸ್ಟನ್ ಮಾಹ್ಲೆಯಿಂದ ಬಂದಿರಬಹುದು. ಇಂಜಿನ್ ಕಂಪನಿಯ ಡಬ್ಬಿಯಲ್ಲಿ ಬರುವುದು ಮೊದಲನೆಯದು, ಅದೇ ಜೆನ್ಯೂನ್. ಎರಡನೆಯದು ಅದೇ ತಯಾರಕರು ತಮ್ಮದೇ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಮಾರುವ ಪಾರ್ಟ್, ಅದು ಬಹಳ ಸಲ ನೆಮ್ಮದಿಯ ಆಯ್ಕೆ. ಒಂದೇ ಎಚ್ಚರ: ಅದೇ ಬ್ರ್ಯಾಂಡ್ ಆದರೂ ನಿಮ್ಮ ಇಂಜಿನ್‌ನ ನಂಬರ್‌ಗೆ ಹೊಂದುವ ಪಾರ್ಟೇ ಆಗಿರಬೇಕು.

ಮೂರನೆಯದು ಬೇರೆ ಕಂಪನಿಗಳು ತಮ್ಮ ಹೆಸರಲ್ಲೇ ಮಾಡುವ ಆಫ್ಟರ್‌ಮಾರ್ಕೆಟ್ ಪಾರ್ಟ್. ಇದರಲ್ಲಿ ತುಂಬಾ ಒಳ್ಳೆಯದೂ ಇದೆ, ಕೈಗೆ ತೆಗೆದುಕೊಳ್ಳಬಾರದ್ದೂ ಇದೆ. ತಯಾರಕರ ಹೆಸರು, ಬ್ಯಾಚ್ ನಂಬರ್, ಪರೀಕ್ಷಾ ಮಾನದಂಡ ಇವೆಲ್ಲ ಸಿಗುತ್ತವಾ ಅಂತ ನೋಡಿ. ಫಿಲ್ಟರ್ ತಯಾರಕರನ್ನಾದರೆ ನೇರವಾಗಿ ಕೇಳಬಹುದು: ಆಯಿಲ್ ಫಿಲ್ಟರ್‌ಗೆ ಐಎಸ್‌ಒ 4548-12, ಡೀಸೆಲ್ ಫಿಲ್ಟರ್‌ಗೆ ಐಎಸ್‌ಒ 19438, ಏರ್ ಫಿಲ್ಟರ್‌ಗೆ ಐಎಸ್‌ಒ 5011 ಪ್ರಕಾರ ಪರೀಕ್ಷೆ ಮಾಡಿದ ಫಲಿತಾಂಶ ಕೊಡಿ ಅಂತ. ಒಳ್ಳೆಯ ತಯಾರಕರಿಗೆ ಈ ಪ್ರಶ್ನೆ ಹೊಸದಲ್ಲ.

ನಾಲ್ಕನೆಯದು ರೀಕಂಡಿಷನ್ ಮಾಡಿದ್ದು. ಯಾರು ಮಾಡಿದರು, ಯಾವ ಬೆಂಚ್‌ನಲ್ಲಿ ಪರೀಕ್ಷಿಸಿದರು ಎಂಬ ವರದಿ ಇದ್ದರೆ ಸರಿ. ಐದನೆಯದು ನಿಜವಾದ ಡುಪ್ಲಿಕೇಟ್, ಅಂದರೆ ಬೇರೆಯವರ ಹೆಸರು ಕದ್ದು ಮಾಡಿದ್ದು. ಇದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಇದನ್ನು ಮಾಡಿದವರಿಗೆ ಕಾಪಾಡಿಕೊಳ್ಳಬೇಕಾದ ಸ್ವಂತ ಹೆಸರೇ ಇಲ್ಲ. ಹಳೆಯ ಪಾರ್ಟ್‌ಗೆ ಪಾಲಿಶ್ ಹಾಕಿ ಹೊಸ ಡಬ್ಬಿಯಲ್ಲಿ ಕೂರಿಸಿದ್ದೂ ಇದೇ ಗುಂಪಿಗೆ ಸೇರುತ್ತದೆ.

ಹಂತ 2: ಯಾವ ಪಾರ್ಟ್ ಕೈಕೊಟ್ಟರೆ ಯಾವುದು ಹೋಗುತ್ತದೆ

ಎಲ್ಲದಕ್ಕೂ ಜೆನ್ಯೂನ್ ಹಾಕಿ ಅನ್ನುವುದು ಸುಲಭ, ಮಾಡುವುದು ಎಲ್ಲರಿಗೂ ಆಗುವುದಿಲ್ಲ. ಆದ್ದರಿಂದ ಎಲ್ಲಿ ಸ್ವಲ್ಪವೂ ರಾಜಿ ಮಾಡಿಕೊಳ್ಳಬಾರದು ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಫಿಲ್ಟರ್‌ಗಳಿಂದಲೇ ಶುರು ಮಾಡೋಣ, ಜನ ಜಾಸ್ತಿ ಮೋಸ ಹೋಗುವುದೇ ಇಲ್ಲಿ. 3 ಲೀಟರ್‌ನ ಫೋರ್ ಸ್ಟ್ರೋಕ್ ಇಂಜಿನ್ 2000 ಆರ್‌ಪಿಎಂನಲ್ಲಿ ಟರ್ಬೊ ಇಲ್ಲದೇ ಇದ್ದರೂ ನಿಮಿಷಕ್ಕೆ ಹತ್ತಿರ ಹತ್ತಿರ 3000 ಲೀಟರ್ ಗಾಳಿ ಎಳೆಯುತ್ತದೆ. ಗಂಟೆಗೆ 1,80,000 ಲೀಟರ್. ಆ ಗಾಳಿಯಲ್ಲಿರುವ ಧೂಳಿನಲ್ಲಿ ಮರಳಿನ ಪುಡಿ ಇರುತ್ತದೆ, ಅದು ಇಂಜಿನ್ ಒಳಗಿನ ಬಹಳಷ್ಟು ಲೋಹಗಳಿಗಿಂತ ಗಟ್ಟಿ. ಕಳಪೆ ಏರ್ ಫಿಲ್ಟರ್‌ನಲ್ಲಿ ಕಾಗದ ಚೆನ್ನಾಗಿದ್ದರೂ ಅಂಚಿನ ಸೀಲ್ ಸರಿಯಾಗಿ ಕೂರದೆ ಪಕ್ಕದಿಂದ ಧೂಳು ನುಗ್ಗುತ್ತದೆ. ಮೊದಲು ಟರ್ಬೊ ಗಾಳಿ ಚಕ್ರದ ಅಂಚು ಸವೆಯುತ್ತದೆ. ಆಮೇಲೆ ಪಿಸ್ಟನ್ ಸುತ್ತಲಿನ ರಿಂಗ್ ಮತ್ತು ಲೈನರ್ (ಸಿಲಿಂಡರ್‌ನ ಒಳಗೋಡೆ). ಇಂಜಿನ್ ಆಯಿಲ್ ಕುಡಿಯಲು ಶುರು ಮಾಡಿದಾಗ ಎಲ್ಲರೂ ರಿಂಗ್ ಬಗ್ಗೆ ಮಾತಾಡುತ್ತಾರೆ, ಏರ್ ಫಿಲ್ಟರ್ ನೆನಪೇ ಇರುವುದಿಲ್ಲ.

ಡೀಸೆಲ್ ಫಿಲ್ಟರ್ ವಿಷಯದಲ್ಲಿ ಇನ್ನೂ ಕಡಿಮೆ ಕ್ಷಮೆ. ಕಾಮನ್ ರೈಲ್ ಇಂಜಿನ್‌ಗಳ ಫಿಲ್ಟರ್ 2 ರಿಂದ 5 ಮೈಕ್ರಾನ್ ಕಣಗಳನ್ನು ಹಿಡಿಯಬೇಕು, ಜೊತೆಗೆ ನೀರನ್ನೂ ಬೇರೆ ಮಾಡಬೇಕು. ಹೈ ಪ್ರೆಶರ್ ಪಂಪ್‌ಗೆ ಡೀಸೆಲ್ಲೇ ಜಾರುಎಣ್ಣೆ. ಅದರಲ್ಲಿ ನೀರು ಸೇರಿದರೆ ಪಂಪ್ ಒಳಗೆ ಲೋಹಕ್ಕೆ ಲೋಹ ಉಜ್ಜುತ್ತದೆ, ಎದ್ದ ಪುಡಿ ರೈಲ್ ಮೂಲಕ ಎಲ್ಲ ಇಂಜೆಕ್ಟರ್‌ಗಳಿಗೂ ಹೋಗುತ್ತದೆ. ಒಂದು ಫಿಲ್ಟರ್‌ನ ದುಡ್ಡು ಉಳಿಸಲು ಹೋಗಿ ಪಂಪ್, ರೈಲ್, ಪೈಪ್, ಇಂಜೆಕ್ಟರ್ ಎಲ್ಲ ಒಟ್ಟಿಗೆ ಬದಲಿಸಿದವರನ್ನು ನೋಡಿದ್ದೇನೆ. ಮನಸ್ಸಿಗೆ ತುಂಬಾ ಬೇಜಾರಾಗುತ್ತದೆ.

ಆಯಿಲ್ ಫಿಲ್ಟರ್ ಒಳಗೆ ಕಾಗದದ ಜೊತೆಗೆ ಒಂದು ಬೈಪಾಸ್ ವಾಲ್ವ್ ಇರುತ್ತದೆ (ಕೆಲವು ಇಂಜಿನ್‌ಗಳಲ್ಲಿ ಅದು ಫಿಲ್ಟರ್ ಕೂರುವ ತಲೆಯಲ್ಲೇ ಇರುತ್ತದೆ). ಕಾಗದ ಕಟ್ಟಿಕೊಂಡಾಗ ಅಥವಾ ಚಳಿಗೆ ಆಯಿಲ್ ಗಟ್ಟಿಯಾದಾಗ ಇಂಜಿನ್ ಒಣಗದಿರಲಿ ಅಂತ ಅದು ತೆರೆದುಕೊಳ್ಳುತ್ತದೆ. ಸ್ಪ್ರಿಂಗ್ ಸಡಿಲವಾಗಿದ್ದರೆ ಅದು ಸದಾ ತೆರೆದೇ ಇರುತ್ತದೆ, ಸೋಸದ ಆಯಿಲ್ ನೇರ ಬೇರಿಂಗ್‌ಗೆ ಹೋಗುತ್ತದೆ. ಸ್ಪ್ರಿಂಗ್ ತೀರಾ ಬಿಗಿ ಇದ್ದರೆ ಕಾಗದವೇ ಹರಿಯುತ್ತದೆ. ಎರಡೂ ಹೊರಗಿನಿಂದ ಗೊತ್ತಾಗುವುದಿಲ್ಲ, ಪ್ರೆಶರ್ ಗೇಜ್ ಕೂಡ ಹೇಳುವುದಿಲ್ಲ.

ಇನ್ನು ಇಂಜೆಕ್ಟರ್. ನಾಜಲ್‌ನ ರಂಧ್ರಗಳು 0.1 ರಿಂದ 0.2 ಮಿಲಿಮೀಟರ್. ಡೀಸೆಲ್ ಮಂಜಿನಂತೆ ಸಿಂಪಡಿಸಬೇಕಾದ್ದು ಹನಿಯಾಗಿ ತೊಟ್ಟಿಕ್ಕಿದರೆ ಪಿಸ್ಟನ್ ತಲೆಯ ಮೇಲೆ ಒಂದೇ ಜಾಗದಲ್ಲಿ ಉರಿದು ಅಲ್ಲಿ ತೂತು ಬೀಳುತ್ತದೆ. ಉರಿಯದೆ ಉಳಿದ ಡೀಸೆಲ್ ಲೈನರ್ ಗೋಡೆಯ ಆಯಿಲ್ ತೊಳೆದುಕೊಂಡು ಸಂಪ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಖುಷಿಪಡಬೇಡಿ, ಅದು ಡೀಸೆಲ್ ಸೇರುತ್ತಿರುವ ಲಕ್ಷಣ. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸಣ್ಣ ವಸ್ತು, ಅದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಆದರೆ ನಾಜಲ್ ಎಷ್ಟು ಆಳಕ್ಕೆ ಚಾಚಬೇಕು ಎಂಬುದನ್ನು ತೀರ್ಮಾನಿಸುವುದೇ ಅದರ ದಪ್ಪ. ದಪ್ಪ ತಪ್ಪಿದರೆ ಸಿಂಪಡಣೆ ಪಿಸ್ಟನ್‌ನ ಕುಳಿಗೆ ಬೀಳದೆ ಅಂಚಿಗೆ ಬೀಳುತ್ತದೆ. ಗಟ್ಟಿ ತಾಮ್ರವಾದರೆ ಸೀಲ್ ಆಗದೆ ಗ್ಯಾಸ್ ಮೇಲೆ ಬಂದು ಇಂಜೆಕ್ಟರ್ ಸುತ್ತ ಡಾಂಬರಿನಂಥ ಕಪ್ಪು ಕಟ್ಟುತ್ತದೆ.

ಟರ್ಬೊ ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಸಣ್ಣವು ಎರಡು ಲಕ್ಷವನ್ನೂ ದಾಟುತ್ತವೆ. ಬ್ಯಾಲೆನ್ಸ್ ಮಾಡದ ಕಾರ್ಟ್ರಿಜ್ (ಟರ್ಬೊದ ಚಕ್ರ, ಶಾಫ್ಟ್, ಬೇರಿಂಗ್ ಸೇರಿದ ಒಳಭಾಗ) ಹಾಕಿದರೆ ಬೇರಿಂಗ್ ಸವೆದು ಶಾಫ್ಟ್ ಅಲುಗಾಡುತ್ತದೆ, ಚಕ್ರ ಗೋಡೆಗೆ ತಾಗುತ್ತದೆ, ಚೂರುಗಳು ಇಂಜಿನ್ ಒಳಗೆ ಹೋಗುತ್ತವೆ. ಇದಕ್ಕಿಂತ ಭಯದ್ದು ಇನ್ನೊಂದಿದೆ. ಟರ್ಬೊ ಸೀಲ್ ಹೋಗಿ ಇಂಜಿನ್ ಆಯಿಲ್ ಗಾಳಿ ದಾರಿಗೆ ನುಗ್ಗಿದರೆ ಇಂಜಿನ್ ಆ ಆಯಿಲ್ಲನ್ನೇ ಉರಿಸಿಕೊಂಡು ತನ್ನಷ್ಟಕ್ಕೆ ರೇಸ್ ಆಗುತ್ತದೆ. ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ, ಯಾಕೆಂದರೆ ಅದು ಉರಿಸುತ್ತಿರುವುದು ಟ್ಯಾಂಕಿನ ಡೀಸೆಲ್ ಅಲ್ಲ. ಗೇರ್ ಇರುವ ಗಾಡಿಯಾದರೆ ಬ್ರೇಕ್ ಒತ್ತಿ ಹಿಡಿದು ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸಬಹುದು. ಇಲ್ಲವಾದರೆ ಗಾಳಿ ಬರುವ ಬಾಯಿ ಮುಚ್ಚಬೇಕು, ಗಟ್ಟಿ ಹಲಗೆಯಂಥದ್ದರಿಂದ. ಬಟ್ಟೆ ತುರುಕಿದರೆ ಒಳಗೆ ಎಳೆದುಕೊಳ್ಳುತ್ತದೆ, ಬರಿಗೈಯನ್ನಂತೂ ಇಡಲೇಬೇಡಿ. ಹತ್ತಿರ ಹೋಗಲು ಆಗದಿದ್ದರೆ ದೂರ ಸರಿಯಿರಿ, ಮನುಷ್ಯ ಮೊದಲು, ಇಂಜಿನ್ ಆಮೇಲೆ.

ವಾಲ್ವ್‌ಗಳನ್ನು ಪಿಸ್ಟನ್‌ಗೆ ಹೊಂದಿಸಿ ನಡೆಸುವ ಟೈಮಿಂಗ್ ಬೆಲ್ಟ್ ಬಗ್ಗೆ ಎರಡು ಮಾತು ಸಾಕು. ಡೀಸೆಲ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವ್‌ಗೂ ಅದಕ್ಕೂ ನಡುವೆ ಜಾಗವೇ ಇರುವುದಿಲ್ಲ, ಬೆಲ್ಟ್ ಹರಿದರೆ ವಾಲ್ವ್‌ಗಳು ಬಾಗುತ್ತವೆ. ಒಳ್ಳೆಯ ಬೆಲ್ಟ್ ಹಾಕಿ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಕಳಪೆಯದು ಹಾಕಿದರೂ ಗತಿ ಅದೇ. ಬೆಲ್ಟ್‌ನಿಂದ ವಾಟರ್ ಪಂಪ್ ತಿರುಗುವಂತಿದ್ದರೆ ಅದರ ಬೇರಿಂಗ್ ಹಿಡಿದುಕೊಂಡಾಗಲೂ ಅದೇ.

ಪಿಸ್ಟನ್, ರಿಂಗ್, ಲೈನರ್, ಬೇರಿಂಗ್, ಹೆಡ್ ಗ್ಯಾಸ್ಕೆಟ್ ಎಂದರೆ ಇಂಜಿನ್ ಪೂರ್ತಿ ಬಿಚ್ಚುವ ಕೆಲಸ. ಪಾರ್ಟ್‌ನಲ್ಲಿ ಉಳಿಸಿದ ದುಡ್ಡು ಎರಡನೇ ಸಲ ಬಿಚ್ಚುವ ಕೂಲಿಗೆ ಸಾಲುವುದಿಲ್ಲ. ಅಲ್ಯೂಮಿನಿಯಂ ಪಿಸ್ಟನ್‌ಗಳಲ್ಲಿ ಬಹುತೇಕ ಮೇಲಿನ ರಿಂಗ್ ಕೂರುವ ಜಾಗಕ್ಕೆ ಗಟ್ಟಿ ಎರಕದ ಕಬ್ಬಿಣದ ಬಳೆ ಸೇರಿಸಿರುತ್ತಾರೆ, ಒರಿಜಿನಲ್‌ನಲ್ಲಿ ಆ ಗೆರೆ ಬೇರೆ ಬಣ್ಣದಲ್ಲಿ ಕಾಣುತ್ತದೆ. ಡುಪ್ಲಿಕೇಟ್‌ನಲ್ಲಿ ಅದನ್ನು ಬಿಟ್ಟಿದ್ದರೆ ರಿಂಗ್ ಕುಣಿದು ಕುಣಿದು ಗ್ರೂವ್ ಅಗಲವಾಗುತ್ತದೆ.

ಥರ್ಮೋಸ್ಟಾಟ್ (ಬಿಸಿ ನೋಡಿಕೊಂಡು ಕೂಲೆಂಟ್‌ಗೆ ದಾರಿ ಬಿಡುವ ವಾಲ್ವ್) ಮುಚ್ಚಿಕೊಂಡರೆ ಇಂಜಿನ್ ಕುದಿಯುತ್ತದೆ, ತೆರೆದೇ ಉಳಿದರೆ ಇಂಜಿನ್ ಬಿಸಿಯಾಗದೆ ಸವೆತ, ಮಸಿ ಎರಡೂ ಜಾಸ್ತಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್‌ನ ತುದಿ ಊದಿಕೊಂಡು ಮುರಿದರೆ ಸಿಲಿಂಡರ್ ಒಳಗೇ ಬೀಳುತ್ತದೆ. ಬ್ರಾಕೆಟ್, ಕವರ್, ಹೊರಗಿನ ಕ್ಲಿಪ್ ಇಂಥವಕ್ಕೆ ಒಳ್ಳೆಯ ಆಫ್ಟರ್‌ಮಾರ್ಕೆಟ್ ಹಾಕಿ, ಚಿಂತೆ ಇಲ್ಲ.

ಹಂತ 3: ಅಂಗಡಿಗೆ ಹೋಗುವ ಮೊದಲು ನಂಬರ್

ಗಾಡಿಯ ಮಾಡೆಲ್ ಹೇಳಿ ಪಾರ್ಟ್ ಕೇಳಬೇಡಿ. ಒಂದೇ ಮಾಡೆಲ್‌ನಲ್ಲಿ ವರ್ಷದ ಮಧ್ಯದಲ್ಲೇ ಪಂಪ್, ಪಿಸ್ಟನ್ ಬದಲಾಗಿರುತ್ತದೆ. ಇಂಜಿನ್ ಬ್ಲಾಕ್ ಮೇಲೆ ಕೆತ್ತಿದ ಸೀರಿಯಲ್ ನಂಬರ್ ಬರೆದುಕೊಳ್ಳಿ, ಪ್ಲೇಟ್‌ನ ಫೋಟೊ ತೆಗೆಯಿರಿ, ಕಂಪನಿಯ ಪಾರ್ಟ್ಸ್ ಕ್ಯಾಟಲಾಗ್‌ನಲ್ಲಿ ಆ ನಂಬರ್‌ಗೆ ಯಾವ ಪಾರ್ಟ್ ನಂಬರ್ ಬರುತ್ತದೆ ನೋಡಿ. ಹಳೆಯ ನಂಬರ್ ಬದಲಾಗಿ ಹೊಸ ನಂಬರ್ ಬಂದಿರಬಹುದು, ಅದನ್ನೂ ಗುರುತು ಮಾಡಿಕೊಳ್ಳಿ.

‘ಇದೂ ಕೂರುತ್ತೆ’ ಅನ್ನುವ ಮಾತನ್ನು ನಂಬಬೇಡಿ. ಉದಾಹರಣೆಗೆ ಫಿಲ್ಟರ್‌ನ ಮರೆ, ಅಂದರೆ ತಿರುಗಿಸಿ ಕೂರಿಸುವ ಥ್ರೆಡ್. ಎಂ 20 × 1.5 ಮರೆಯ ಫಿಲ್ಟರ್ ಮುಕ್ಕಾಲು ಇಂಚು ವ್ಯಾಸದ, ಇಂಚಿಗೆ 16 ಮರೆಯ ಸ್ಟಡ್ ಮೇಲೆ ತಿರುಗಿಕೊಂಡು ಕೂತುಬಿಡುತ್ತದೆ, ಯಾಕೆಂದರೆ ಮರೆಗಳ ಅಂತರ ಹೆಚ್ಚುಕಡಿಮೆ ಒಂದೇ. ವ್ಯಾಸದಲ್ಲಿ ಮಾತ್ರ ಒಂದು ಮಿಲಿಮೀಟರ್ ಹತ್ತಿರ ಸಡಿಲ. ಕೈಗೆ ಬಿಗಿಯಾದಂತೆ ಅನ್ನಿಸಿದರೂ ಪ್ರೆಶರ್ ಬಂದಾಗ ಹಾರಿಹೋಗಬಹುದು, ನಿಮಿಷದೊಳಗೆ ಸಂಪ್ ಖಾಲಿ.

ಹಂತ 4: ಕೌಂಟರ್‌ನಲ್ಲಿ ಡಬ್ಬಿ ತೆರೆಸಿ

ನಾಚಿಕೆ ಬೇಡ. ಹಳೆಯ ಪಾರ್ಟ್ ಜೊತೆಗೆ ತೆಗೆದುಕೊಂಡು ಹೋಗಿ ಪಕ್ಕಪಕ್ಕ ಇಟ್ಟು ನೋಡಿ. ತೂಕ ಮೊದಲು ನೋಡಿ, ಹಗುರಾಗಿದ್ದರೆ ಒಳಗೆ ಏನೋ ಕಡಿಮೆ ಇದೆ. ಕಂಪನಿ ಗುರುತು ಎರಕದಲ್ಲೇ ಮೂಡಿದೆಯಾ, ಅಥವಾ ಮೇಲೆ ಇಂಕ್‌ನಲ್ಲಿ ಒತ್ತಿದ್ದಾ? ಉಗುರಿನಿಂದ ಕೆರೆದರೆ ಅಳಿಸಿಹೋಗುತ್ತದಾ? ಡಬ್ಬಿಯ ಮೇಲಿನ ಅಕ್ಷರ ಮಸುಕಾಗಿದೆಯಾ, ಕಾಗುಣಿತ ತಪ್ಪಿದೆಯಾ? ಹೋಲೋಗ್ರಾಮ್ ಇದ್ದ ಮಾತ್ರಕ್ಕೆ ಒಪ್ಪಿಬಿಡಬೇಡಿ, ಅದನ್ನೂ ನಕಲು ಮಾಡುತ್ತಾರೆ. ಕೋಡ್ ಸ್ಕ್ಯಾನ್ ಮಾಡುವ ವ್ಯವಸ್ಥೆ ಇದ್ದರೆ ಅದು ಕಂಪನಿಯ ಸ್ವಂತ ಜಾಲತಾಣಕ್ಕೇ ಹೋಗುತ್ತದಾ ಅಂತ ವಿಳಾಸ ಓದಿ.

ಇಂಜೆಕ್ಟರ್ ಕೊಳ್ಳುವಾಗ ಒಂದು ಸುಲಭ ಪರೀಕ್ಷೆ ಇದೆ. ಅನೇಕ ಕಾಮನ್ ರೈಲ್ ಇಂಜೆಕ್ಟರ್‌ಗಳಿಗೆ ಕಾರ್ಖಾನೆಯಲ್ಲೇ ಒಂದೊಂದಾಗಿ ಅಳೆದು ಅದರದೇ ಆದ ತಿದ್ದುಪಡಿ ಕೋಡ್ ಕೆತ್ತಿರುತ್ತಾರೆ. ನಾಲ್ಕು ಇಂಜೆಕ್ಟರ್‌ಗಳನ್ನು ಸಾಲಾಗಿ ಇಡಿ. ನಾಲ್ಕರ ಮೇಲೂ ಒಂದೇ ಸೀರಿಯಲ್ ನಂಬರ್, ಒಂದೇ ಕೋಡ್ ಇದ್ದರೆ ಅಲ್ಲಿಂದ ಎದ್ದು ಬನ್ನಿ.

ಬಿಲ್‌ನಲ್ಲಿ ಪಾರ್ಟ್ ನಂಬರ್ ಬರೆಸಿ. ಬರೀ ‘ಫಿಲ್ಟರ್ 1’ ಎಂದು ಬರೆದ ಬಿಲ್‌ನಿಂದ ನಾಳೆ ಏನನ್ನೂ ಕೇಳಲಾಗುವುದಿಲ್ಲ. ಪಾರ್ಟ್ ನಂಬರ್ ಬರೆಯಲು ಹಿಂದೆಮುಂದೆ ನೋಡಿದರೆ, ಅದೇ ನಿಮಗೆ ಉತ್ತರ. ಮೆಕ್ಯಾನಿಕ್ ತರುವ ಪಾರ್ಟ್ ಆದರೆ ಡಬ್ಬಿ ಮತ್ತು ಬಿಚ್ಚಿದ ಹಳೆಯ ಪಾರ್ಟ್ ಎರಡನ್ನೂ ಕೊಡಿ ಎಂದು ಕೆಲಸ ಶುರುವಾಗುವ ಮೊದಲೇ ಹೇಳಿಡಿ. ಒಳ್ಳೆಯ ಮೆಕ್ಯಾನಿಕ್‌ಗೆ ಇದರಿಂದ ಬೇಸರವಾಗುವುದಿಲ್ಲ, ಅವರೂ ಅದೇ ಮೋಸಕ್ಕೆ ಸಿಕ್ಕಿ ಬೈಸಿಕೊಂಡವರೇ.

ಹಂತ 5: ಹಾಕುವ ಮೊದಲು ಅಳತೆ

ಇದಕ್ಕೆ ಬೇಕಾದದ್ದು ಫೀಲರ್ ಗೇಜ್, ವರ್ನಿಯರ್, ಮೈಕ್ರೋಮೀಟರ್, ಡಯಲ್ ಗೇಜ್, ಒಂದು ತಕ್ಕಡಿ. ಮಿತಿ ಎಷ್ಟು ಅನ್ನುವುದನ್ನು ನಿಮ್ಮ ಇಂಜಿನ್‌ನ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ, ಬಾಯಿಲೆಕ್ಕ ಬೇಡ.

ಪಿಸ್ಟನ್‌ಗಳನ್ನು ಒಂದೊಂದಾಗಿ ತೂಗಿ. ಒಂದೇ ಸೆಟ್‌ನಲ್ಲಿ ಕೆಲವೇ ಗ್ರಾಂ ವ್ಯತ್ಯಾಸ ಇರಬೇಕು, ಹತ್ತಾರು ಗ್ರಾಂ ಇದ್ದರೆ ವಾಪಸ್ ಕೊಡಿ. ರಿಂಗ್ ಅನ್ನು ಲೈನರ್ ಒಳಗೆ ಇಟ್ಟು ಪಿಸ್ಟನ್‌ನಿಂದ ಸಮವಾಗಿ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. ಸಂದು ಕಡಿಮೆಯಾದರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಒಂದಕ್ಕೊಂದು ಒತ್ತಿ ಮುರಿಯುತ್ತದೆ, ಜಾಸ್ತಿಯಾದರೆ ಗ್ಯಾಸ್ ಕೆಳಗೆ ನುಗ್ಗುತ್ತದೆ. ಬೇರಿಂಗ್‌ಗೆ ಪ್ಲಾಸ್ಟಿಗೇಜ್ ದಾರ (ಒತ್ತಿದರೆ ಚಪ್ಪಟೆಯಾಗುವ ಮೆತ್ತನೆ ಎಳೆ) ಇಟ್ಟು, ಟಾರ್ಕ್ ಕೊಟ್ಟು ಅಂದರೆ ಹೇಳಿದಷ್ಟೇ ಬಿಗಿ ಮಾಡಿ, ಬಿಚ್ಚಿ ಅದು ಎಷ್ಟು ಅಗಲವಾಗಿದೆ ನೋಡಿ, ಸಂದು ತಿಳಿಯುತ್ತದೆ. 60 ಮಿಲಿಮೀಟರ್ ಶಾಫ್ಟ್‌ಗೆ ಸಂದು 0.06 ಮಿಲಿಮೀಟರ್ ಆಸುಪಾಸು ಬರುವುದು ರೂಢಿ.

ಹೆಡ್ ಗ್ಯಾಸ್ಕೆಟ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಅನೇಕ ಡೀಸೆಲ್‌ಗಳಲ್ಲಿ ಪಿಸ್ಟನ್ ಬ್ಲಾಕ್‌ಗಿಂತ ಎಷ್ಟು ಮೇಲೆ ಬರುತ್ತದೆ ಎಂದು ಡಯಲ್ ಗೇಜ್‌ನಿಂದ ಅಳೆದು, ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಬೇಕು. ದಪ್ಪ ಎಷ್ಟು ಎಂಬುದನ್ನು ಅಂಚಿನಲ್ಲಿರುವ ತೂತು ಅಥವಾ ಕಚ್ಚುಗಳ ಸಂಖ್ಯೆ ಹೇಳುತ್ತದೆ. ಎಲ್ಲ ಇಂಜಿನ್‌ಗೂ ಒಂದೇ ದಪ್ಪದ ಗ್ಯಾಸ್ಕೆಟ್ ಇರುವ ಅಗ್ಗದ ಸೆಟ್ ಬಂದರೆ ಅದು ನಿಮ್ಮ ಇಂಜಿನ್‌ಗೆ ಹೊಂದುವುದು ಬರೀ ಅದೃಷ್ಟ. ಟಾರ್ಕ್ ಕೊಟ್ಟ ಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಹೆಡ್ ಬೋಲ್ಟ್‌ಗಳು ಎಳೆದುಕೊಳ್ಳುವಂತೆಯೇ ಮಾಡಿದವು. ಒಮ್ಮೆ ಬಳಸಿ ಬಿಡಬೇಕು ಎಂದು ಮ್ಯಾನ್ಯುಯಲ್ ಹೇಳಿದ್ದರೆ ಹೊಸದೇ ಹಾಕಿ, ಅದೂ ಗೊತ್ತಿರುವ ತಯಾರಕರದ್ದು.

ಏರ್ ಫಿಲ್ಟರ್ ಒಳಗೆ ಟಾರ್ಚ್ ಇಟ್ಟು ಕತ್ತಲಲ್ಲಿ ಸುತ್ತ ನೋಡಿ, ಬೆಳಕು ಚುಕ್ಕಿಯಾಗಿ ಬಂದರೆ ಅಲ್ಲಿ ತೂತಿದೆ. ಆಯಿಲ್ ಫಿಲ್ಟರ್‌ನ ಬಾಯಿಯಿಂದ ಬೆರಳಲ್ಲಿ ರಬ್ಬರ್ ಬಿಲ್ಲೆ ಒತ್ತಿ, ಮೆತ್ತಗೆ ಬಾಗಿ ವಾಪಸ್ ಬರಬೇಕು.

ಹಂತ 6: ಹಾಕುವಾಗ

ಒಳ್ಳೆಯ ಪಾರ್ಟ್ ಕೂಡ ಕೆಟ್ಟ ಫಿಟ್ಟಿಂಗ್‌ನಿಂದ ಡುಪ್ಲಿಕೇಟ್‌ನಂತೆ ವರ್ತಿಸುತ್ತದೆ. ಹೊಸ ಡೀಸೆಲ್ ಫಿಲ್ಟರ್‌ನ ಮಧ್ಯದ ತೂತಿಗೆ ಕ್ಯಾನ್‌ನಿಂದ ಡೀಸೆಲ್ ಸುರಿಯಬೇಡಿ, ಅದು ಸೋಸಿದ ನಂತರದ ಕಡೆ. ಅಲ್ಲಿ ಬಿದ್ದ ಕಸ ನೇರ ಪಂಪ್‌ಗೆ ಹೋಗುತ್ತದೆ. ಹ್ಯಾಂಡ್ ಪಂಪ್‌ನಿಂದಲೇ ಗಾಳಿ ತೆಗೆಯಿರಿ. ಹೊಸ ಟರ್ಬೊ ಹಾಕುವ ಮೊದಲು ಅದಕ್ಕೆ ಹೋಗುವ ಆಯಿಲ್ ಪೈಪ್ ಬಿಚ್ಚಿ ನೋಡಿ, ಕರಿ ಕಟ್ಟಿ ಮುಚ್ಚಿಹೋಗಿದ್ದರೆ ಜೆನ್ಯೂನ್ ಟರ್ಬೊ ಕೂಡ ಉಳಿಯುವುದಿಲ್ಲ. ಇಂಜೆಕ್ಟರ್ ಕೋಡ್ ಇಂಜಿನ್‌ನ ಕಂಪ್ಯೂಟರ್‌ಗೆ ಹಾಕಿಸುವುದನ್ನು ಮರೆಯಬೇಡಿ. ತಾಮ್ರದ ವಾಷರ್ ಹಳೆಯದು ತೆಗೆದು ಹೊಸದು, ಒಂದೇ ಒಂದು. ಹಳೆಯದು ಹೆಡ್‌ಗೆ ಅಂಟಿಕೊಂಡಿದ್ದು ಅದರ ಮೇಲೇ ಹೊಸದು ಕೂರಿಸಿದ ಕೆಲಸಗಳು ತುಂಬಾ ಇವೆ.

ಹಂತ 7: ಮೊದಲ ಕೆಲವು ಗಂಟೆ ಇಂಜಿನ್ ಏನು ಹೇಳುತ್ತದೆ ಕೇಳಿ

ಹೊಗೆ ನೋಡಿ. ಕಪ್ಪು ಎಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಕೂಲೆಂಟ್ ಒಳಗೆ ಬರುತ್ತಿದೆ. ಸ್ಟಾರ್ಟ್ ಆದ ಎಷ್ಟು ಸೆಕೆಂಡಿಗೆ ಆಯಿಲ್ ಪ್ರೆಶರ್ ಏರುತ್ತದೆ ಎಂದು ಬರೆದಿಡಿ. ನಾನು ಮೊದಲೇ ಹೇಳಿದ ಜನರೇಟರ್‌ನಲ್ಲಿ ಈ ಒಂದು ಸಾಲು ಬರೆದಿಟ್ಟಿದ್ದರೆ ಬೇರಿಂಗ್ ಉಳಿಯುತ್ತಿತ್ತು.

ದೊಡ್ಡ ಕೆಲಸವಾದ ಮೇಲಿನ ಮೊದಲ ಆಯಿಲ್ ಬದಲಾವಣೆಯಲ್ಲಿ ಫಿಲ್ಟರ್ ಕತ್ತರಿಸಿ ನೋಡಿ. ಹ್ಯಾಕ್‌ಸಾ ಬೇಡ, ಅದರ ಪುಡಿಯೇ ಬಿದ್ದು ಗೊಂದಲವಾಗುತ್ತದೆ, ಡಬ್ಬಿ ಕೊಯ್ಯುವಂಥ ಫಿಲ್ಟರ್ ಕಟರ್ ಬಳಸಿ. ಕಾಗದ ಬಿಡಿಸಿ ಬೆಳಕಿಗೆ ಹಿಡಿಯಿರಿ. ಅಯಸ್ಕಾಂತಕ್ಕೆ ಅಂಟುವುದು ಕಬ್ಬಿಣ, ಅಂಟದೆ ಹೊಳೆಯುವ ಹಾಳೆಯಂಥ ಚೂರುಗಳು ಬೇರಿಂಗ್ ಅಥವಾ ಪಿಸ್ಟನ್‌ನಿಂದ ಬಂದಿರಬಹುದು. ಆಯಿಲ್ ಪರೀಕ್ಷೆ ಮಾಡಿಸುವ ಅನುಕೂಲ ಇದ್ದರೆ ಖಂಡಿತ ಮಾಡಿಸಿ. ವರದಿಯಲ್ಲಿ ಸಿಲಿಕಾನ್ ಮತ್ತು ಕಬ್ಬಿಣ ಒಟ್ಟಿಗೆ ಏರಿದ್ದರೆ ಧೂಳು ಒಳಗೆ ಹೋಗುತ್ತಿದೆ. ತಾಮ್ರ, ಸೀಸ, ತವರ ಏರಿದ್ದರೆ ಬೇರಿಂಗ್ ಕಡೆ ನೋಡಿ. ಸೋಡಿಯಂ ಅಥವಾ ಪೊಟ್ಯಾಸಿಯಂ ಏರಿದ್ದರೆ ಕೂಲೆಂಟ್ ಸೋರಿಕೆಯ ಅನುಮಾನ. ಒಂದು ವರದಿಗಿಂತ ಮೂರ್ನಾಲ್ಕು ವರದಿ ಸಾಲಾಗಿ ಇದ್ದರೆ ಜಾಸ್ತಿ ತಿಳಿಯುತ್ತದೆ.

ಹಂತ 8: ಈಗಾಗಲೇ ಹಾಕಿಬಿಟ್ಟಿದ್ದರೆ

ಗಾಬರಿ ಬೇಡ, ಆದರೆ ‘ಓಡುತ್ತಿದೆಯಲ್ಲ, ಓಡಲಿ’ ಎಂದೂ ಬಿಡಬೇಡಿ. ಅನುಮಾನ ಟೈಮಿಂಗ್ ಬೆಲ್ಟ್ ಅಥವಾ ಟೆನ್ಷನರ್ ಮೇಲಿದ್ದರೆ ಇಂಜಿನ್ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಬದಲಿಸಿದ ಮೇಲೆಯೇ ಸ್ಟಾರ್ಟ್. ಆಯಿಲ್ ಫಿಲ್ಟರ್ ಆದರೆ ಆಯಿಲ್ ಸಮೇತ ಬದಲಿಸಿ, ಹಳೆಯದನ್ನು ಕತ್ತರಿಸಿ ನೋಡಿ. ಏರ್ ಫಿಲ್ಟರ್ ಆದರೆ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ಪೈಪ್ ಬಿಚ್ಚಿ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಧೂಳಿನ ಗೆರೆ ಬಂದರೆ ಸೀಲ್ ಸೋರಿದೆ, ಆಯಿಲ್ ಪರೀಕ್ಷೆಗೆ ಕಳಿಸಿ. ಟರ್ಬೊ ಶಾಫ್ಟ್ ಎಷ್ಟು ಅಲುಗುತ್ತದೆ ಎಂದು ಆಗಲೇ ನೋಡಿಬಿಡಿ.

ಡೀಸೆಲ್ ಫಿಲ್ಟರ್ ಆದರೆ ಹಳೆಯದರಲ್ಲಿ ಉಳಿದ ಡೀಸೆಲ್ಲನ್ನು ಗಾಜಿನ ಲೋಟಕ್ಕೆ ಸುರಿದು ಅರ್ಧ ಗಂಟೆ ಬಿಡಿ. ನೀರಿದ್ದರೆ ತಳಕ್ಕೆ ಇಳಿಯುತ್ತದೆ. ಬೆಳ್ಳಿಪುಡಿಯಂತೆ ಹೊಳೆದರೆ ಪಂಪ್ ಸವೆಯುತ್ತಿದೆ ಎಂದರ್ಥ, ಆಗ ಬರೀ ಫಿಲ್ಟರ್ ಬದಲಿಸಿ ಮುಂದೆ ಹೋಗಬೇಡಿ. ಇಂಜೆಕ್ಟರ್ ಮೇಲೆ ಅನುಮಾನ ಇದ್ದರೆ ರಿಟರ್ನ್ ಪೈಪ್‌ಗಳಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಐಡಲ್‌ನಲ್ಲಿ ಓಡಿಸಿ, ಉಳಿದವಕ್ಕಿಂತ ಬೇಗ ತುಂಬುವ ಬಾಟಲಿಯ ಇಂಜೆಕ್ಟರ್ ಒಳಗೆ ಸೋರುತ್ತಿದೆ. ಈ ಪರೀಕ್ಷೆಯಲ್ಲಿ ಹೈ ಪ್ರೆಶರ್ ಪೈಪ್‌ಗಳ ನಟ್ ಯಾವುದನ್ನೂ ಸಡಿಲಿಸಬೇಡಿ, ಸೋರಿಕೆ ಹುಡುಕಲು ಕೈ ಹಿಡಿಯಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು, ತಡವಾದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾಗುತ್ತದೆ.

ಬಿಚ್ಚಿದ ಪಾರ್ಟ್ ಎಸೆಯಬೇಡಿ. ಡಬ್ಬಿ, ಬಿಲ್, ಪಾರ್ಟ್ ಮೂರರ ಫೋಟೊ ತೆಗೆದು ಯಾರ ಹೆಸರು ಕದ್ದಿದ್ದಾರೋ ಆ ಕಂಪನಿಗೇ ಕಳಿಸಿ. ನಕಲಿ ಹಿಡಿಯುವುದರಲ್ಲಿ ಅವರ ಹಿತವೂ ಇದೆ, ಪಾರ್ಟ್ ಒರಿಜಿನಲ್ಲೋ ಅಲ್ಲವೋ ಎಂದು ಖಚಿತವಾಗಿ ಹೇಳಬಲ್ಲವರೂ ಅವರೇ.

ಹಂತ 9: ಖಾಲಿ ಡಬ್ಬಿ

ಜೆನ್ಯೂನ್ ಪಾರ್ಟ್ ಹಾಕಿದ ಮೇಲೆ ಅದರ ಡಬ್ಬಿಯ ಲೇಬಲ್ ಕತ್ತರಿಸಿ, ಹಾಕಿದ ತಾರೀಖು ಮತ್ತು ಮೀಟರ್‌ನ ಗಂಟೆ ಅಥವಾ ಕಿಲೋಮೀಟರ್ ಬರೆದು ಒಂದು ಪುಸ್ತಕಕ್ಕೆ ಅಂಟಿಸಿ. ವಾರಂಟಿ ಮಾತು ಬಂದಾಗ ಮೊದಲು ಕೇಳುವುದು ಇದನ್ನೇ. ಉಳಿದ ಡಬ್ಬಿಯನ್ನು ಹರಿದು ಚೂರು ಮಾಡಿ, ಹೋಲೋಗ್ರಾಮ್ ಮೇಲೆ ಚಾಕುವಿನಿಂದ ಗೀರಿ, ಆಮೇಲೆ ಕಸಕ್ಕೆ ಹಾಕಿ. ಹಳೆಯ ಇಂಜೆಕ್ಟರ್, ಬೇರಿಂಗ್‌ಗಳ ಮೇಲೂ ಸುತ್ತಿಗೆಯಿಂದ ಒಂದು ಗುರುತು ಬೀಳಲಿ. ಗುಜರಿಗೆ ಇಡಿಯಾಗಿ ಹೋದ ಡಬ್ಬಿ, ಇಡಿಯಾಗಿ ಹೋದ ಹಳೆಯ ಪಾರ್ಟ್ ಇವೆರಡೂ ಒಟ್ಟಿಗೆ ಸೇರಿ ಇನ್ಯಾರದೋ ಇಂಜಿನ್‌ಗೆ ‘ಹೊಸದಾಗಿ’ ಹೋಗುತ್ತವೆ.